ಸಾಹೇಬರಿಗೊಂದು ಖಾಲಿ ಎಲೆ

ಭಡಂಗವನ್ನು ಚಮಚದಿಂದ ತಿನ್ನುವವರನ್ನು ನಾನು ಈವರೆಗೆ ಕಂಡದ್ದು ಒಬ್ಬರನ್ನೇ. ಬೆಳ್ಳುಳ್ಳಿ, ಶೇಂಗಾ, ಖಾರಪುಡಿಯ ಒಗ್ಗರಣೆಯಲ್ಲಿ ಮಿಂದ ಚುರಮುರಿ ಅದು. ಮುಷ್ಟಿ ತುಂಬಿ ಬಾಯಿಗೆ ಎಸೆದುಕೊಳ್ಳುವುದೇ ಸಾಂಗಲಿಯಲ್ಲಿ ಅದಕ್ಕೆ ಕೊಡುವ ಮರ್ಯಾದೆ. ಗಲ್ಲಿಗೆಲ್ಲ ಚಿಕ್ಕಮ್ಮನಂತಿದ್ದ ನಮ್ಮ ಮೇಲಿನ ಮನೆಯ ಮಾವಶಿ ಮಾತ್ರ ಅದನ್ನು ಸ್ಟೀಲಿನ ಬಟ್ಟಲಿಗೆ ಹಾಕಿಕೊಂಡು, ಪಾಯಸ ಉಣ್ಣುವವರಂತೆ ಚಮಚದಲ್ಲಿ ತಿನ್ನುತ್ತಿದ್ದರು. ಕಾರಣ ಕೇಳಿದ್ದಕ್ಕೆ ಮುಂದಿದ್ದ ಲ್ಯಾಪ್‌ಟಾಪಿನ ಕಡೆ ಗದ್ದ ತೋರಿಸಿ, "ಇದಕ್ಕ ಎಣ್ಣಿ ಆಗೂದಿಲ್ಲ, ನನಗ ಭಡಂಗ ಬಿಟ್ಟು ಆಗೂದಿಲ್ಲ. ನಡುವ ಚಮಚಾ ಬಂತು," ಎಂದಿದ್ದರು.

ಅವರು ಹೋಗಿ ತಿಂಗಳಾಯಿತು. ಹೋದ ವಾರ ಅವರ ಅಣ್ಣನ ಸೊಸೆ ಮಿರಜಿನಾಚೆಯ ತಮ್ಮೂರು ಆರಗದಿಂದ ಬಂದು ಮನೆ ಖಾಲಿ ಮಾಡುವಾಗ ಆ ಲ್ಯಾಪ್‌ಟಾಪನ್ನು ಚೀಲದ ಸಮೇತ ನನ್ನ ಕೈಗಿಟ್ಟಳು. "ಬಾಯಿ ಬಿಟ್ಟು ಹೇಳಿ ಹೋಗ್ಯಾರ್ರಿ ವಹಿನಿ, ಇದು ಕೆಳಗಿನ ಮನಿ ಪೋರಿಗೆ ಅಂತ." ನನಗೆ ನಲವತ್ತೆಂಟು ತುಂಬಿದೆ, ಉಳಿದವರಿಗೆ ನಾನು ವಹಿನಿ, ಅತ್ತಿಗೆ. ಅವರಿಗೆ ನಾನು ಕೊನೆಯವರೆಗೂ ಪೋರಿಯೇ.

ಮಿರಜಿನ ಪೇಟೆಯಲ್ಲಿ ಬೆಲ್ಲ, ಅರಿಷಿಣದ ಅಂಗಡಿ ಇದ್ದ ಮನೆತನ ಅವರದು. ಅಣ್ಣತಮ್ಮಂದಿರೆಲ್ಲ ಗಾದಿಯ ಮೇಲೆ ಕೂತರೆ ಇವರು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ನಿಂತರು. ಮೂವತ್ತು ಚಿಲ್ಲರೆ ವರ್ಷ ವಿದ್ಯಾರ್ಥಿಗಳಿಂದ ಲೋಲಕ ತೂಗಿಸಿ, ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡಿಸಿ ನಿವೃತ್ತರಾದರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ನೀವ್ಯಾಕ ಆದ್ರಿ?" ಎಂದು ತಿರುಗಿ ಕೇಳಿ, ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತ ಕೂರುತ್ತಿದ್ದರು. ಹೀಗಾಗಿ ಎರಡನೆಯ ಸಲ ಯಾರೂ ಕೇಳುತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿ. ಕೊರಳಲ್ಲಿ ಶಿವದಾರದ ಜೊತೆಗೆ ಇನ್ನೂ ಎರಡು ದಾರ: ಒಂದರಲ್ಲಿ ಚಷ್ಮಾ, ಇನ್ನೊಂದರಲ್ಲಿ ಲ್ಯಾಬಿನ ಕಾಲದ ಸ್ಟಾಪ್‌ವಾಚು. ನಗು ಬಂದರೆ ಸದ್ದಿಲ್ಲ, ಭುಜಗಳು ಮಾತ್ರ ಕುಣಿಯುತ್ತಿದ್ದವು. ಅವರ ಬೆನ್ನ ಹಿಂದೆ ಕೂತವರಿಗೇ ಅವರು ನಗುತ್ತಿರುವುದು ಮೊದಲು ಗೊತ್ತಾಗುತ್ತಿತ್ತು.

ವಿಶ್ರಾಮಬಾಗದಲ್ಲಿ ನಮ್ಮದು ಹಿಂದಿನ ಗಲ್ಲಿ. ನೀರಿನ ಪೈಪು ಬೇವಿನ ಮರದ ಗಲ್ಲಿಯಲ್ಲಿ ಹೊಕ್ಕು, ಶಾಲೆಯ ಮಗ್ಗುಲಿನ ಸಾಲಿ ಗಲ್ಲಿಯನ್ನು ಹಾದು, ಕೊನೆಗೆ ನಮ್ಮಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ ಉಸಿರೇ ಉಳಿದಿರುತ್ತಿರಲಿಲ್ಲ. ಬೆಳಿಗ್ಗೆ ನಲ್ಲಿ ಒಂದಿಷ್ಟು ಹೊತ್ತು ಕೆಮ್ಮುತ್ತಿತ್ತು, ಇನ್ನೊಂದಿಷ್ಟು ಹೊತ್ತು ಸುರಿಯುತ್ತಿತ್ತು, ನಿಲ್ಲುತ್ತಿತ್ತು. ಮೇಲಿನ ಟಾಕಿಗೆ ಏರುವ ಮಾತೇ ಇಲ್ಲ. ಅಂಥ ಒಂದು ಬೆಳಿಗ್ಗೆ ಮಾವಶಿ ಕೊಡ ಹೊತ್ತು ಎರಡನೆಯ ಮಹಡಿಗೆ ಏರುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಮಿರಜಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನವೇ ಅಣ್ಣನ ಸೊಸೆ ಆರಗದಿಂದ ದೊಡ್ಡ ಖಾಲಿ ಚೀಲ ಹಿಡಿದು ಇಳಿದಳು.

"ಆತು ಇನ್ನ, ಸಾಕು ಆತ್ಯಾ," ಎಂದಳು. "ನೀರು ಮ್ಯಾಲೆ ಏರೂದಿಲ್ಲ, ನಿಮಗ ಏರಾಕ ಆಗೂದಿಲ್ಲ. ಅರಿವಿ ತುಂಬರಿ, ಊರಿಗೆ ನಡೀರಿ."

"ನೀರು ಏರಿದ್ರ?"

"ಏರಿದ್ರ ಇರ್ರಿ. ನಾ ಏನ್ ಬ್ಯಾಡ ಅಂತೇನೇನು?"

"ತಿಂಗಳು ಕೊಡು," ಎಂದರು ಮಾವಶಿ. ಚೀಲ ಅವರ ಕಪಾಟಿನ ಮೇಲೆ ಬಾಯಿ ತೆರೆದುಕೊಂಡು ಕೂತಿತು. ಅವರಿಗೆ ಆರಗ ಇಷ್ಟವಿರಲಿಲ್ಲವೆಂದಲ್ಲ, ದೀಪಾವಳಿಗೆ ತಪ್ಪದೆ ಹೋಗುತ್ತಿದ್ದರು. ಆದರೆ ಈ ಎರಡು ಕೋಣೆ ಅವರ ಸ್ವಂತದವು. ಉಪ್ಪಿನ ಡಬ್ಬಿಯ ಮೇಲೆ ರಾಸಾಯನಿಕ ಹೆಸರು ಬರೆದು ಅಂಟಿಸಿದರೆ ಇಲ್ಲಿ ಕೇಳುವವರಿರಲಿಲ್ಲ.

ನಗರಪಾಲಿಕೆಯ ನೀರಿನ ಸಾಹೇಬರ ಹತ್ತಿರ ನಮ್ಮ ಗಲ್ಲಿಯವರು ಎರಡು ಸಲ ಹೋಗಿ ಬಂದಿದ್ದರು. ಎಲ್ಲರಿಗೂ ನೀರು ಸಮನಾಗಿಯೇ ಹೋಗುತ್ತದೆ, ಇಲ್ಲವೆನ್ನುವುದಕ್ಕೆ ಪುರಾವೆ ಎಲ್ಲಿದೆ ಎಂದು ಅವರು ಕೇಳಿದ್ದರು. ಪುರಾವೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾವಶಿಯ ಎಡಗೈ ಸ್ಟಾಪ್‌ವಾಚಿಗೆ ಹೋಯಿತು.

ನಿವೃತ್ತಿಯ ಮೇಲೆ ಅವರು ತಾವೇ ಕಲಿತು ಒಂದು ಪ್ರೋಗ್ರಾಮು ಬರೆದಿದ್ದರು. ಅಂಕಿಗಳನ್ನು ಕೊಟ್ಟರೆ ಗ್ರಾಫು ಬರೆದುಕೊಡುವುದು ಅದರ ಕೆಲಸ. ಒತ್ತಲು ಗುಂಡಿಯಿಲ್ಲ, ಬಣ್ಣದ ಕಿಟಕಿಯಿಲ್ಲ. ಕಪ್ಪು ಪರದೆಯ ಮೇಲೆ ಏನು ಬೇಕೆಂಬುದನ್ನು ಒಂದೇ ಸಾಲಿನಲ್ಲಿ ಬರೆದು ಎಂಟರ್ ಒತ್ತಬೇಕು. ಯಾವುದರ ಮಾತು ನಡೆದಿದೆ ಎಂದು ಎರಡು ಅಡ್ಡಗೀಟು ಎಳೆದು ಹೇಳಬೇಕು. --ಬಣ್ಣ ಎಂದರೆ ಮುಂದೆ ಬಣ್ಣಗಳ ಹೆಸರು. --ಗಲ್ಲಿ ಎಂದರೆ ಮುಂದೆ ಗಲ್ಲಿಗಳ ಹೆಸರು. --ಯಾರಿಗೆ ಎಂದರೆ ಹಾಳೆಯ ನೆತ್ತಿಯ ಮೇಲೆ ಯಾರ ಹೆಸರು ಬರಬೇಕೋ ಅದು. ಲ್ಯಾಬಿನ ಚಟ ಬಿಟ್ಟಿರಲಿಲ್ಲವಾದ್ದರಿಂದ, ಯಾವ ಸಾಲನ್ನು ಎಷ್ಟು ಹೊತ್ತಿಗೆ ಕೊಟ್ಟೆವು ಎಂಬುದನ್ನೆಲ್ಲ ಆ ಪ್ರೋಗ್ರಾಮು ಒಂದು ವಹಿಯಂತೆ ಬರೆದಿಟ್ಟುಕೊಳ್ಳುತ್ತಿತ್ತು.

ಬಲಗೈ ಪ್ಲಾಸ್ಟರಿನಲ್ಲಿತ್ತು. ಬೆರಳು ನನ್ನವು ಬೇಕಾದವು. ಗಂಡ ಕುಪವಾಡದ ಕಾರ್ಖಾನೆಗೆ ಹೋದ ಮೇಲೆ, ಊಟದ ಪಾತ್ರೆ ತೊಳೆದಿಟ್ಟು ನಾನು ಮೇಲೆ ಹೋಗುತ್ತಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ ಟೈಪಿಂಗು ಮದುವೆಯಾದ ಮೇಲೆ ಮೊದಲ ಸಲ ಕೆಲಸಕ್ಕೆ ಬಂತು. ಆದರೆ ಕಾನ್ವೆಂಟಿನವರಿಗೆ ಒಂದು ಕಾಯಿಲೆಯುಂಟು, ತಪ್ಪಿನ ಭಯ. ಎಂಟರ್ ಒತ್ತುವ ಮೊದಲು ನಾನು ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುವುದೊಂದು ಬಾಕಿ. ಮಾವಶಿ ಅದನ್ನು ಕಂಡು, "ಏ ಪೋರಿ, ಅದು ಕಚ್ಚೂದಿಲ್ಲ. ತಪ್ಪಾದ್ರ ಚಿತ್ರ ಕೆಡ್ತೈತಿ, ಸಂಸಾರ ಅಲ್ಲ," ಎನ್ನುತ್ತಿದ್ದರು.

ಮೊದಲ ದಿನವೇ ಕೆಟ್ಟಿತು. ನಾನು ಶುದ್ಧವಾಗಿ ಬೇವಿನ ಗಲ್ಲಿ, ಸಾಲಿ ಗಲ್ಲಿ, ಹಿಂದಿನ ಗಲ್ಲಿ ಎಂದು ಬರೆದೆ. ಪರದೆಯ ಮೇಲೆ ಮೂರು ಕಂಬಗಳ ಬದಲು ಆರು ಜನರ ಹೆಸರು ಬಂತು: ಬೇವಿನ, ಗಲ್ಲಿ, ಸಾಲಿ, ಗಲ್ಲಿ, ಹಿಂದಿನ, ಗಲ್ಲಿ. ಅದರಲ್ಲಿ ಮೂವರು ಗಲ್ಲಿಯವರಿಗೆ ಸೊನ್ನೆ. ಮಾವಶಿಯ ಭುಜ ಕುಣಿಯಿತು.

"ಊಟದ ಪಂಗತ ನೆನಪು ಮಾಡ್ಕೊ," ಎಂದರು. "ಬಡಿಸಾಂವಗ ಮುಖಾ ಗೊತ್ತಿಲ್ಲ. ನಡುವ ಜಾಗಾ ಕಂಡ್ರ ಅದು ಬ್ಯಾರೆ ಎಲಿ ಅಂತ ತಿಳೀತಾನ. ಬೇವು, ಸಾಲಿ, ಹಿಂದ, ಒಬ್ಬೊಬ್ಬರಿಗೆ ಒಂದೊಂದs ಮಾತು."

"ಮತ್ತ ಪಂಗತ ಎಲ್ಲಿ ಮುಗೀತು ಅಂತ ಹ್ಯಾಂಗ ತಿಳೀತೈತ್ರಿ ಅದಕ್ಕ?"

"ಮುಂದಿನ ಎರಡು ಗೀಟು ಬರೂತನ ಬಡಸ್ಕೋತ ಹೋಗೂದs. ಕೈ ತೊಳ್ಯಾಕ ನಿಂತಾಂವ ನಡುವ ಸಿಕ್ಕರೂ ಕುಂದ್ರಿಸಿ ಎಲಿ ಹಾಕ್ತೈತಿ."

ಇದೇನೋ ಅರ್ಥವಾಯಿತು. ಅರ್ಥವಾಗದೇ ಉಳಿದದ್ದು ಆ ಸೊನ್ನೆ. ಗೊತ್ತಿಲ್ಲದ ಬಣ್ಣದ ಹೆಸರು ಬರೆದರೆ ಪ್ರೋಗ್ರಾಮು ಇಂಥ ಬಣ್ಣ ಇಲ್ಲವೆಂದು ಕೂಗಿ ನಿಲ್ಲುತ್ತಿತ್ತು. ಗೊತ್ತಿಲ್ಲದ ಗಲ್ಲಿಯ ಹೆಸರು ಬರೆದರೆ ಮಾತ್ರ ತುಟಿ ಪಿಟಕ್ಕೆನ್ನದೆ ಸೊನ್ನೆ ಇಟ್ಟು ಹೆಸರು ಹಾಕುತ್ತಿತ್ತು. ಯಾಕೆ ಹೀಗೆ ಎಂದರೆ, "ಪಂಗತಕ್ಕ ಹೆಸರು ಕೂಗಿ ಕರದ ಮ್ಯಾಲೆ, ಬಡಸಾಕ ಏನೂ ಇಲ್ಲಂದ್ರೂ ಎಲಿ ಹಾಕಬೇಕು. ಖಾಲಿ ಎಲಿ ನಾಲ್ಕ ಮಂದಿಗೆ ಕಾಣಸ್ಬೇಕು. ಅಂದ್ರ ಲೆಕ್ಕಾ ಬರದು ಕಳಸದಾವರಿಗೆ ಮಾರನೇ ದಿನಾ ನಾಚಿಕಿ ಬರ್ತೈತಿ," ಎಂದರು. ಮೂರೂ ಗಲ್ಲಿಯ ಒಬ್ಬೊಬ್ಬ ಹೆಂಗಸು ದಿನಾ ಬೆಳಿಗ್ಗೆ ನೀರು ಬಂದ ಹೊತ್ತು, ಹೋದ ಹೊತ್ತು ಗುರುತು ಹಾಕಿ ಮೊಬೈಲಿನಲ್ಲಿ ಕಳಿಸಬೇಕೆಂದು ಅವರು ಒಪ್ಪಿಸಿದ್ದರು. ಮರೆತವರ ಖಾಲಿ ಎಲೆ ಮಧ್ಯಾಹ್ನಕ್ಕೆ ಗುಂಪಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಮೂರೇ ದಿನಕ್ಕೆ ಎಲ್ಲರಿಗೂ ನೆನಪಿನ ಶಕ್ತಿ ಬಂತು.

ಬೇವಿನ ಗಲ್ಲಿಯ ಲೆಕ್ಕ ಕಳಿಸುತ್ತಿದ್ದವರು ಒಬ್ಬ ಆಜಿ. ಬಹಳ ಶಿಸ್ತಿನವರು, ಒಂದು ದಿನವೂ ತಪ್ಪಿಸಲಿಲ್ಲ. ಒಮ್ಮೆ ಮಾವಶಿ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅವರ ಮನೆಗೆ ಹೋಗಿ, ಒಂದು ತಾಸು ಕೂತು, ನಿಂಬೆ ಉಪ್ಪಿನಕಾಯಿಯ ಬಾಟಲಿ ಹಿಡಿದು ಬಂದರು. ಮೆಟ್ಟಿಲು ಏರುವಾಗ ನಾನು ಹಿಂದಿದ್ದೆ. ಭುಜಗಳು ಮೊದಲ ಮೆಟ್ಟಿಲಿನಿಂದ ಕೊನೆಯವರೆಗೂ ಕುಣಿಯುತ್ತಲೇ ಇದ್ದವು.

"ಏನಾತ್ರಿ ಮಾವಶಿ?"

"ಏನಿಲ್ಲ. ಉಪ್ಪಿನಕಾಯಿ ಚಲೋ ಐತಿ."

ಬಣ್ಣದ ವಿಷಯದಲ್ಲಿ ನನ್ನದೊಂದು ಪದ್ಧತಿ ಬೆಳೆದಿತ್ತು. ಯಾರಾದರೂ ಬಂದಾರೆಂದು ಕುಕ್ಕರಿಗೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತೇನಲ್ಲ, ಹಾಗೆ ಮೂರು ಗಲ್ಲಿಗೆ ನಾಲ್ಕು ಬಣ್ಣ ಬರೆಯುತ್ತಿದ್ದೆ: ನೀಲಿ, ಹಸಿರು, ಕೆಂಪು, ಹಳದಿ. ಮಾವಶಿ ನಕ್ಕರೂ ತಡೆಯಲಿಲ್ಲ. "ಹೆಚ್ಚಿಗಿಂದ ಅದು ಮುಟ್ಟೂದಿಲ್ಲ, ಇರ್ಲಿ ಬಿಡು. ಕಡಿಮಿ ಬಿದ್ರ ಮಾತ್ರ ತಿರುಗಿ ಮೊದಲಿಂದ ಹಚ್ಚತೈತಿ. ನಾಲ್ಕನೇದಾವಗ ಮತ್ತ ನೀಲಿ."

ತಿಂಗಳು ತುಂಬುವುದರೊಳಗೆ ಸಾಹೇಬರು ಗಲ್ಲಿಯ ಗಣಪತಿ ಗುಡಿಯ ಹಾಲಿಗೆ ಬಂದು ಎಲ್ಲರ ಅಹವಾಲು ಕೇಳುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಮಧ್ಯಾಹ್ನ ಅಂತಿಮ ಹಾಳೆ ತೆಗೆಯಲು ಕೂತೆವು. ಮಾವಶಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಬಣ್ಣಗಳಾದವು, ಗಲ್ಲಿಗಳಾದವು. "ಮುಂದ ಸಾಹೇಬ್ರ ಹೆಸರು ಬರ್ಲಿ ಮ್ಯಾಲೆ," ಎಂದರು. ದೊಡ್ಡವರಿಗೆ ಕೊಡುವ ಕಾಗದ. ಸಿಸ್ಟರು ಕಲಿಸಿದ ವಿನಯವೆಲ್ಲ ಉಕ್ಕಿ ಬಂದು, ಹೆಸರಿಡುವುದು ಮರ್ಯಾದೆಯಲ್ಲವೆಂದು "ಸಾಹೇಬರು" ಎಂದು ಬಹುವಚನದಲ್ಲಿ ಬರೆದೆ. ಅದೇ ಹೊತ್ತಿಗೆ ಕೆಳಗೆ ನನ್ನ ಒಲೆಯ ಮೇಲಿಟ್ಟಿದ್ದ ಕುಕ್ಕರು ಮೂರನೆಯ ಸೀಟಿ ಹೊಡೆಯಿತು. ಎಂಟರ್ ಒತ್ತಿ ಎದ್ದೆ.

"ಹೋಗು ಹೋಗು," ಎಂದರು ಮಾವಶಿ. "ಉಳದದ್ದು ನಾ ನೋಡ್ತೇನಿ."

ಮರುದಿನ ಅವರು ಹಾಳೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಸುರುಳಿ ಸುತ್ತಿ, ರಬ್ಬರ್ ಹಾಕಿ ತಂದಿದ್ದರು. ನೋಡುತ್ತೇನೆಂದರೆ ಬಿಚ್ಚಗೊಡಲಿಲ್ಲ. ಮುದುಡುತ್ತದಂತೆ.

ಹಾಲಿನಲ್ಲಿ ಮೂರೂ ಗಲ್ಲಿಯ ಮಂದಿ. ಸಾಹೇಬರು ಮುಂದಿನ ಕುರ್ಚಿಯಲ್ಲಿ, ಅವರ ಮುಂದೆ ಚಹಾ, ಚಹಾದ ಬಸಿಯಲ್ಲಿ ಎರಡು ಬಿಸ್ಕೀಟು. ಎಲ್ಲರಿಗೂ ಸಮಾನ ನೀರು ಎಂಬುದನ್ನು ಅವರು ಮರಾಠಿಯಲ್ಲಿ ಸವಿಸ್ತಾರವಾಗಿ ಹೇಳಿ ಮುಗಿಸಿದ ಮೇಲೆ ಮಾವಶಿ ಎದ್ದು ಸುರುಳಿ ಬಿಚ್ಚಿದರು. ಒಂದು ತುದಿ ನಾನು ಹಿಡಿದೆ. ಹಿಡಿದ ಮೇಲೆ ಓದಿದೆ. ಓದಿದ ಮೇಲೆ ಹಾಳೆಯನ್ನು ಮತ್ತೆ ಸುತ್ತಿಬಿಡಲು ನೋಡಿದೆ, ಇನ್ನೊಂದು ತುದಿ ಮಾವಶಿಯ ಕೈಯಲ್ಲಿತ್ತು.

ನೀಲಿ ಕಂಬ, ಬೇವು, ಹಾಳೆಯ ನೆತ್ತಿ ಮುಟ್ಟಿತ್ತು. ಹಸಿರು, ಸಾಲಿ, ಅದರ ಭುಜಕ್ಕಿತ್ತು. ಕೆಂಪು, ಹಿಂದ, ಮೊಣಕಾಲಿಗಿಂತ ಕೆಳಗೆ. ಅದರ ಪಕ್ಕದಲ್ಲಿ ನಾಲ್ಕನೆಯ ಜಾಗ. ಕಂಬವಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು: ಸಾಹೇಬರು. ಮೇಲೆ ಒಂದು ದುಂಡನೆಯ ಸೊನ್ನೆ.

ನಾನು --ಯಾರಿಗೆ ಎಂದು ಬರೆಯುವುದನ್ನು ಮರೆತಿದ್ದೆ. ಕೈ ತೊಳೆಯಲು ನಿಂತವರನ್ನು ಪ್ರೋಗ್ರಾಮು ಪಂಗತದಲ್ಲಿ ಕೂರಿಸಿಬಿಟ್ಟಿತ್ತು.

"ಹೇ ಕಾಯ ಆಹೆ?" ಎಂದರು ಸಾಹೇಬರು, ಇದೇನಿದು ಎಂದು. ನಾಲ್ಕನೆಯದು ಯಾರದೆಂದೂ ಮರಾಠಿಯಲ್ಲೇ ಕೇಳಿದರು.

"ಓದರಿ ಸಾಹೇಬ್ರ, ನನ್ನ ಚಷ್ಮಾ ಮನ್ಯಾಗ ಉಳದೈತಿ," ಎಂದರು ಮಾವಶಿ. ಚಷ್ಮಾ ಅವರ ಎದೆಯ ಮೇಲೆ ತೂಗಾಡುತ್ತಿತ್ತು.

ಸಾಹೇಬರು ಓದಿದರು. ಹಾಲಿನಲ್ಲಿ ನಗು ಮೊದಲು ಹೆಂಗಸರ ಕಡೆ ಎದ್ದು, ಆಮೇಲೆ ಗಂಡಸರ ಕಡೆ ದಾಟಿತು. "ನನಗ್ಯಾಕ ಸೊನ್ನಿ?" ಎಂದರು ಅವರು, ಈ ಸಲ ನೇರ ಕನ್ನಡದಲ್ಲಿ. ಅವತ್ತಿನವರೆಗೆ ಅವರಿಗೆ ಕನ್ನಡ ಬರುತ್ತದೆಂದೇ ಯಾರಿಗೂ ಗೊತ್ತಿರಲಿಲ್ಲ.

"ನಿಮ್ಮ ಮನಿ ನೀರಿನ ಲೆಕ್ಕಾ ನಮ್ಮ ಕಡೆ ಇಲ್ಲಲ್ರಿ. ಲೆಕ್ಕಾ ಇಲ್ಲದಾವರಿಗೆ ಎಲಿ ಖಾಲಿ."

ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಹಾಳೆಯ ಅಂಚಿನಲ್ಲಿ ಯಾವ ಬಣ್ಣ ಯಾರದೆಂದು ತೋರಿಸುವ ಪುಟ್ಟ ಚೌಕಗಳಿದ್ದವು. ನಮ್ಮ ಗಲ್ಲಿಯ ಹೂ ಮಾರುವ ಅವ್ವ ಮೂಗು ತಾಗಿಸುವಷ್ಟು ಹತ್ತಿರ ಬಂದು ಅವನ್ನು ನೋಡಿ, ಇಡೀ ಹಾಲಿಗೆ ಕೇಳುವಂತೆ, "ಅಯ್ಯ, ಸಾಹೇಬ್ರ ಬಣ್ಣಾನೂ ಬೇವಿನ ಗಲ್ಲಿದs ಐತಿ ನೋಡ್ರಿ! ನೀಲಿಗೆ ನೀಲಿ!" ಎಂದಳು.

ಸಾಹೇಬರು ಎದ್ದು ನಿಂತರು. "ನಮ್ಮ ಅತ್ತಿ ಮನಿಗೂ ನೀರು ಬಿಡೂದಕ್ಕೂ ಏನs ಏನೂ ಸಂಬಂಧ ಇಲ್ಲ!"

ಅತ್ತೆಯ ಮನೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಎಲ್ಲರ ಕತ್ತೂ ನಿಧಾನವಾಗಿ ಬೇವಿನ ಗಲ್ಲಿಯವರ ಕಡೆ ತಿರುಗಿತು. ಅಲ್ಲಿ ಎರಡನೆಯ ಸಾಲಿನಲ್ಲಿ ನಮ್ಮ ಶಿಸ್ತಿನ ಆಜಿ ಕೂತಿದ್ದರು. ಅವರು ಸೆರಗು ಸರಿಮಾಡಿಕೊಂಡು ಅಭಿಮಾನದಿಂದ, "ನಮ್ಮ ಅಳಿಯಂದ್ರು," ಎಂದರು.

ಹಾಳೆಯ ಇನ್ನೊಂದು ತುದಿ ಹಿಡಿದಿದ್ದ ಮಾವಶಿಯ ಮುಖ ಗುಡಿಯ ಗಣಪತಿಯಷ್ಟೇ ಶಾಂತವಾಗಿತ್ತು. ಬೆನ್ನ ಹಿಂದೆ ಯಾರು ಕೂತಿದ್ದರೋ ಅವರನ್ನು ಕೇಳಬೇಕು.

ವಾರದೊಳಗೆ ನೀರು ಬಿಡುವವನ ವೇಳಾಪಟ್ಟಿ ಬದಲಾಯಿತು. ಒಂದು ಬೆಳಿಗ್ಗೆ ಟಾಕಿ ತುಂಬಿ ಮೇಲಿನಿಂದ ಸುರಿಯುವ ಸದ್ದಿಗೆ ನಾನು ಹೊರಗೆ ಓಡಿದೆ. ಎರಡನೆಯ ಮಹಡಿಯಲ್ಲಿ ಮಾವಶಿ ಸ್ಟಾಪ್‌ವಾಚು ಹಿಡಿದು ನಿಂತು, ಒದ್ದೆಯಾಗುತ್ತಿದ್ದರೂ ಒಳಗೆ ಹೋಗದೆ ಹೊತ್ತು ಎಣಿಸುತ್ತಿದ್ದರು. ತಿಂಗಳಿಗೆ ಸರಿಯಾಗಿ ಬಂದ ಸೊಸೆ ನಲ್ಲಿ ತಿರುವಿ ನೋಡಿ, ಚಹಾ ಕುಡಿದು, ಕಪಾಟಿನ ಮೇಲಿನ ಚೀಲವನ್ನು ಖಾಲಿಯಾಗಿಯೇ ಮಡಚಿಕೊಂಡು ಆರಗದ ಬಸ್ಸು ಹತ್ತಿದಳು.

ನನಗೆ ಮಾತ್ರ ನಿದ್ದೆಯಿಲ್ಲ. ನಾಲ್ಕು ಜನರ ಮುಂದೆ ಒಬ್ಬ ಅಧಿಕಾರಿಗೆ ಸೊನ್ನೆ ಕೊಟ್ಟವಳು ನಾನು. ಗೆರೆ ಹಾಳೆಯ ಮೇಲೆ ಅಂಚು ಬಿಟ್ಟು ಒಂದು ಕ್ಷಮಾಪಣೆಯ ಪತ್ರ ಬರೆದು ಮಾವಶಿಗೆ ತೋರಿಸಿದೆ. ಅವರು ಪೂರ್ತಿ ಓದಿ, "ಅಕ್ಷರ ಮುತ್ತಿನಂಗ ಅದಾವು, ನಾ ಕಳಸ್ತೇನಿ," ಎಂದು ಮಡಚಿ ಇಟ್ಟುಕೊಂಡರು. ಕಳಿಸುವುದಿರಲಿ, ಸಿಕ್ಕಸಿಕ್ಕವರಿಗೆಲ್ಲ, "ನಂದೇನಿಲ್ರಿ, ಎಲ್ಲಾ ನಮ್ಮ ಕೆಳಗಿನ ಮನಿ ಪೋರಿದು," ಎಂದು ಹೇಳುತ್ತ ಹೋದರು. ಕಾಯಿಪಲ್ಲೆ ತರಲು ಹೋದರೆ ಹೆಂಗಸರು ದಾರಿ ಬಿಡತೊಡಗಿದರು. ಬೀದಿದೀಪ ಕೆಟ್ಟರೆ, ಗಟಾರು ತುಂಬಿದರೆ ನಮ್ಮ ಬಾಗಿಲು ತಟ್ಟತೊಡಗಿದರು. "ವಹಿನಿ, ನೀವು ಒಂದು ಹಾಳಿ ತಗೀರಿ ಸಾಕು." ಹತ್ತೊಂಬತ್ತು ವರ್ಷ ಈ ಗಲ್ಲಿಯಲ್ಲಿ ಇಂಥವರ ಹೆಂಡತಿಯಾಗಿದ್ದವಳು ಒಂದೇ ವಾರದಲ್ಲಿ ಸಾಹೇಬರಿಗೆ ಸೊನ್ನೆ ಕೊಟ್ಟ ವಹಿನಿಯಾದೆ. ನನ್ನ ತಪ್ಪಿಗೆ ಇಷ್ಟು ಮರ್ಯಾದೆ ಸಲ್ಲಬಾರದೆಂದು ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ಹೇಳುತ್ತ ಹೇಳುತ್ತ ನಾನೂ ಗಟಾರಿನ ಎರಡು ಹಾಳೆ ತೆಗೆದೆ.

ಕೈಯ ಪ್ಲಾಸ್ಟರು ಬಿಚ್ಚಿದ ಮೇಲೆ ಮಾವಶಿ ಪ್ರೋಗ್ರಾಮನ್ನು ತಿದ್ದಿದರು. ಈಗ ಹೆಸರುಗಳ ನಡುವೆ ಕಾಮಾ ಹಾಕಬೇಕು. ಕಾಮಾ ಇಲ್ಲದ ಕಡೆ ಪಂಗತ ಮುಗಿಯಿತು. ಬೇವಿನ ಗಲ್ಲಿ ಎಂದು ಪೂರ್ತಿ ಬರೆಯಬೇಕೆಂದರೆ ಇಡೀ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಕೂರಿಸಿದರಾಯಿತು. ಕೈ ತೊಳೆಯುವವರು ತಮ್ಮ ಪಾಡಿಗೆ ತೊಳೆದುಕೊಳ್ಳಬಹುದು.

"ಇದನ್ನ ಮೊದಲs ಮಾಡಿದ್ರ ನನ್ನ ಮಾನಾ ಉಳೀತಿತ್ತಲ್ರಿ ಮಾವಶಿ!"

ಅವರು ಭಡಂಗದ ಚಮಚವನ್ನು ಬಾಯಿಯ ಹತ್ತಿರ ನಿಲ್ಲಿಸಿ, "ಆಗ ಬೇಕಾಗಿರಲಿಲ್ಲ," ಎಂದರು.

ಅದಾದ ಮೇಲೆ ಅವರು ಆ ಎರಡು ಕೋಣೆಗಳಲ್ಲಿ ಇನ್ನೂ ನಾಲ್ಕು ವರ್ಷ ಇದ್ದರು. ಅಲ್ಲಿಯೇ, ತಮ್ಮ ಹಾಸಿಗೆಯಲ್ಲೇ ಹೋದರು.

ನಿನ್ನೆ ಲ್ಯಾಪ್‌ಟಾಪಿನ ಚೀಲ ಒರೆಸುವಾಗ ಹಿಂದಿನ ಜೇಬಿನಲ್ಲಿ ಮಡಚಿದ ಗೆರೆ ಹಾಳೆ ಸಿಕ್ಕಿತು. ನನ್ನ ಕ್ಷಮಾಪಣೆ. ಅಂಚಿನಲ್ಲಿ ಎಣ್ಣೆಯ ಒಂದು ಹೆಬ್ಬೆಟ್ಟಿನ ಗುರುತು. ಇದನ್ನು ಓದುವಾಗ ಚಮಚ ಬಳಸಿರಲಿಲ್ಲವೆಂದು ಕಾಣುತ್ತದೆ. ಅದನ್ನು ನೋಡಿದ ಮೇಲೆ ಸುಮ್ಮನಿರಲಾಗದೆ ಪ್ರೋಗ್ರಾಮಿನ ವಹಿಯನ್ನು ತೆರೆದು, ನಾಲ್ಕು ವರ್ಷ ಹಿಂದಕ್ಕೆ, ಸಭೆಯ ಹಿಂದಿನ ಮಧ್ಯಾಹ್ನಕ್ಕೆ ಹೋದೆ.

ನನ್ನ ಸಾಲು ಇತ್ತು. --ಬಣ್ಣ ನೀಲಿ ಹಸಿರು ಕೆಂಪು ಹಳದಿ --ಗಲ್ಲಿ ಬೇವು ಸಾಲಿ ಹಿಂದ ಸಾಹೇಬರು. ನಾನು ಕುಕ್ಕರಿನ ಕಡೆ ಓಡಿದ ಹೊತ್ತು.

ಕೆಲವು ನಿಮಿಷ ಬಿಟ್ಟು ಇನ್ನೊಂದು ಸಾಲು. ಸಾಹೇಬರು ಎಂಬುದಕ್ಕೆ ಮೊದಲು --ಯಾರಗೆ ಎಂದು ಸೇರಿಸಿದ್ದರು. ಎಡಗೈಯ ಒಂದೇ ಬೆರಳು, ಅಕ್ಷರ ತಪ್ಪಿ ಪ್ರೋಗ್ರಾಮು ಬೇಡವೆಂದಿತ್ತು. ಅದರ ಕೆಳಗೆ ಮತ್ತೆ ಅದೇ, ಈ ಸಲ ಸರಿಯಾಗಿ. ಅಂದರೆ ತಪ್ಪಿಲ್ಲದ ಹಾಳೆ ಅವತ್ತೇ ಅವರ ಕಣ್ಣ ಮುಂದೆ ಬಂದಿತ್ತು.

ಅದರ ಕೆಳಗೆ, ಪೂರಾ ಅರ್ಧ ತಾಸು ಕಳೆದು, ಒಂದು ಸಾಲು. ನನ್ನ ತಪ್ಪು ಸಾಲೇ, ಸಾಹೇಬರು ಮತ್ತೆ ಪಂಗತದಲ್ಲಿ. ಒಂದೇ ಒಂದು ಬದಲು. ಹಳದಿ ಇರಲಿಲ್ಲ.

ನಾಲ್ಕನೆಯವರಿಗೆ ಮತ್ತೆ ನೀಲಿ.

ಆ ಅರ್ಧ ತಾಸಿನಲ್ಲಿ ಅವರು ಏನು ಮಾಡುತ್ತಿದ್ದರೆಂದು ನಾನು ಬಲ್ಲೆ. ಆಜಿ ಕೊಟ್ಟ ಉಪ್ಪಿನಕಾಯಿಯ ಬಾಟಲಿಯನ್ನು ನೋಡುತ್ತ ಕೂತಿದ್ದರು. ಒಬ್ಬರೇ ಇದ್ದುದರಿಂದ ಭುಜಗಳನ್ನು ಯಾರೂ ನೋಡಲಿಲ್ಲ.

ಇವತ್ತು ತಿಂಗಳ ಕೊನೆ. ನೀರಿನ ಹಾಳೆ ತೆಗೆಯಲು ಮಧ್ಯಾಹ್ನ ನಾನೇ ಕೂತೆ. ಮೂರು ಗಲ್ಲಿ, ನಡುವೆ ಕಾಮಾ. ಬಣ್ಣ ಬರೆಯುವಾಗ ಕೈ ತನ್ನ ಅಭ್ಯಾಸದಂತೆ ನಾಲ್ಕು ಬರೆಯಿತು: ನೀಲಿ, ಹಸಿರು, ಕೆಂಪು, ಹಳದಿ. ಎಂಟರ್ ಒತ್ತಿ, ಒಲೆಯ ಮೇಲೆ ಕುಕ್ಕರು ಇಲ್ಲದಿದ್ದರೂ ಅವತ್ತಿನಂತೆ ಎದ್ದು ಅಡುಗೆಮನೆಗೆ ಹೋಗಿ, ಅರ್ಧ ತಾಸು ಬಿಟ್ಟು ಬಂದು ವಹಿ ತೆರೆದು ನೋಡಿದೆ.

ಹಳದಿ ಹಾಗೆಯೇ ಇತ್ತು.